ಖಾಲಿ ಎಂದರೆ ಯಾವ ಖಾಲಿ

ನನ್ನ ಅಕ್ಕ ಮತ್ತು ಅವಳ ಗೆಳತಿ ಸೇರಿಕೊಂಡು ಒಬ್ಬನೇ ಮನುಷ್ಯನನ್ನು ಎರಡು ಸಲ ಸಾಯಿಸಿದ್ದರು. ಇಬ್ಬರೂ ಸೇರಿ ಬರೆಯುತ್ತಿದ್ದ ಕಾದಂಬರಿಗೆ ಅಕ್ಕ ಬರೆದ ಅಧ್ಯಾಯದಲ್ಲಿ ಸೋದರಮಾವ ಲಾರಿಗೆ ಸಿಕ್ಕಿ ಸತ್ತ. ಗೆಳತಿ ಬರೆದ ಅಧ್ಯಾಯದಲ್ಲಿ ಅದೇ ಸೋದರಮಾವ ಮನೆಗೆ ಬಂದು ಟೀ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ಗೊಣಗಿ, ಆಮೇಲೆ ಎದೆನೋವಿನಿಂದ ಸತ್ತ. ಇಬ್ಬರಲ್ಲಿ ಯಾರೂ ತಮ್ಮ ಸಾವನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಹಾಗಾಗಿ ಜಗಳ ನನ್ನ ತನಕ ಬಂತು.

ನಾನು ಬರೆಯುವವನಲ್ಲ. ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಡೇಟಾಬೇಸ್ ವಿನ್ಯಾಸ ಮಾಡುವುದು ನನ್ನ ಕೆಲಸ. ರೋಗಿ, ಡಾಕ್ಟರು, ಹಾಸಿಗೆ, ಔಷಧಿ, ಎಲ್ಲದಕ್ಕೂ ಒಂದೊಂದು ಚೌಕ ಹಾಕಿ, ಯಾವುದಕ್ಕೆ ಯಾವುದರ ಜೊತೆ ಏನು ಸಂಬಂಧ ಎಂದು ಗೆರೆ ಎಳೆಯುತ್ತೇನೆ. ಚಿತ್ರ ಸರಿಯಾಗಿದ್ದರೆ ಸತ್ತವನ ಹೆಸರಿಗೆ ಮರುದಿನ ಇಂಜೆಕ್ಷನ್ ಬರೆಯಲು ಕಂಪ್ಯೂಟರ್ ಬಿಡುವುದಿಲ್ಲ. "ಹಾಗಾದ್ರೆ ನಮ್ಮ ಸೋದರಮಾವನಿಗೂ ಒಂದು ಚೌಕ ಹಾಕಿಕೊಡಿ, ಇಂಜಿನಿಯರ್ ಸಾಹೇಬ್ರೇ" ಎಂದಳು ಗೆಳತಿ. ಅಲ್ಲಿಂದ ಶುರುವಾಯಿತು.

ಈ ಗೆಳತಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಉಸಿರಾಡುವ ಕಡೆಯೆಲ್ಲ ಕಾಮಾ ಹಾಕುತ್ತಾಳೆಂದು ನಾನು ಅವಳಿಗೆ ಕಾಮಾ ಅಕ್ಕ ಎಂದು ಹೆಸರಿಟ್ಟಿದ್ದೆ. ನನ್ನ ಅಕ್ಕ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ಅಮ್ಮ ನಾನು ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡಳು ಎಂದು ಅಪ್ಪ ಹೇಳಿದ್ದರು. ಅಪ್ಪನೂ ಹೋದ ಮೇಲೆ ನನ್ನನ್ನು ಓದಿಸಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು, ಪರೀಕ್ಷೆಯ ದಿನ ಪೆನ್ನಿಗೆ ಇಂಕು ತುಂಬಿಸಿ ಕೊಟ್ಟಿದ್ದು ಎಲ್ಲ ಅಕ್ಕನೇ. ತಲೆಗೂದಲು ಉದುರಲು ಶುರುವಾದ ನನ್ನನ್ನು ಅವಳು ಇವತ್ತಿಗೂ ಪುಟ್ಟ ಎಂದೇ ಕರೆಯುತ್ತಾಳೆ. ಅವಳ ಮಾತನ್ನು ನಾನು ಯಾವತ್ತೂ ತೂಗಿ ನೋಡಿದವನಲ್ಲ.

ಬರವಣಿಗೆಗೆ ಅವರು ಕೂರುತ್ತಿದ್ದದ್ದು ತಿಂಗಳ ಎರಡನೇ ಶನಿವಾರ. ಮೊದಲೆಲ್ಲ ಆ ದಿನ ಅಕ್ಕ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ಸ್ಟಾಕ್ ಎಣಿಸುವುದಿದೆ ಎಂದು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಬಂದವಳು, "ಲೆಕ್ಕ ಮುಗೀತು ಪುಟ್ಟ, ಅಂಗಡಿಗೂ ಕಂಪ್ಯೂಟರ್ ಬಂತು, ಇನ್ನು ಮುಂದೆ ಹೋಗೋದು ಬೇಕಿಲ್ಲ" ಎಂದಳು. ಸದ್ಯ, ಇನ್ನಾದರೂ ಅಕ್ಕನಿಗೆ ರಜೆ ಸಿಕ್ಕಿತಲ್ಲ ಎಂದು ನಾನೇ ಓಡಿಹೋಗಿ ಐಸ್‌ಕ್ರೀಮ್ ತಂದಿದ್ದೆ. ಆ ಖಾಲಿ ಶನಿವಾರಗಳಲ್ಲೇ ಕಾದಂಬರಿ ಹುಟ್ಟಿದ್ದು.

ನನ್ನ ಚಿತ್ರಕ್ಕೆ ಕಾಗದ ಒದಗಿಸಿದ್ದು ಅಕ್ಕ. ಔಷಧಿ ಕಂಪನಿಯವರು ಅಂಗಡಿಗೆ ಕೊಡುವ ದೊಡ್ಡ ದೊಡ್ಡ ಪೋಸ್ಟರುಗಳನ್ನು ತಂದು, ಖಾಲಿ ಬೆನ್ನು ಹೊರಗೆ ಕಾಣುವಂತೆ ತಿರುಗಿಸಿ, ಬೀರುವಿನ ಬಾಗಿಲಿಗೆ ಟೇಪಿನಿಂದ ಅಂಟಿಸಿದಳು. ಮುಂದೆ ನನ್ನ ಚೌಕಗಳು, ಹಿಂದೆ ಮನುಷ್ಯನ ಕರುಳಿನ ಚಿತ್ರ. ಇಬ್ಬರಿಗೂ ಕೂತು ಪಾಠ ಹೇಳಿದೆ. ಪಾತ್ರ ಒಂದು ಚೌಕ, ಮನೆ ಒಂದು ಚೌಕ, ಘಟನೆ ಒಂದು ಚೌಕ. ಗೆರೆಯ ಒಂದು ತುದಿಯಲ್ಲಿ ಹಲವರಿದ್ದರೆ ಆ ತುದಿಗೆ ಮೂರು ಬೆರಳಿನ ಗುರುತು. ಅದಕ್ಕೆ ನಮ್ಮವರು ಕಾಗೆಕಾಲು ಅನ್ನುತ್ತಾರೆ. "ನಿನ್ನ ಅಕ್ಷರ ಮೊದಲಿಂದಲೂ ಕಾಗೆಕಾಲು ಗುಬ್ಬಿಕಾಲೇ ಬಿಡು, ಈಗ ಅದಕ್ಕೆ ಸಂಬಳ ಬೇರೆ ಬರ್ತಿದೆ" ಎಂದು ಅಕ್ಕ ಕಾಲೆಳೆದಳು. ಎಳೆದ ಗೆರೆಯನ್ನೆಲ್ಲ ಎರಡೂ ತುದಿಯಿಂದ ಗಟ್ಟಿಯಾಗಿ ಓದಬೇಕೆಂಬುದು ನನ್ನ ಕಟ್ಟುನಿಟ್ಟು. ಒಬ್ಬ ತಾಯಿಗೆ ಹಲವು ಮಕ್ಕಳು. ಒಂದು ಮಗುವಿಗೆ ಒಬ್ಬಳೇ ತಾಯಿ. ಒಂದು ಕಡೆಯಿಂದ ಸರಿ ಕೇಳಿಸುವುದು ಇನ್ನೊಂದು ಕಡೆಯಿಂದ ಓದಿದಾಗ ಎಡವಟ್ಟಾಗುವುದುಂಟು.

ಇಬ್ಬರೂ ಬೇಗ ಕಲಿತರು. ಸೋದರಮಾವ ಒಂದೇ ಸಲ ಸತ್ತ, ಲಾರಿಯಡಿಯಲ್ಲಿ. ಕಾಮಾ ಅಕ್ಕನಿಗೆ ಹುರುಪು ಏರಿ, "ಸುಳ್ಳಿಗೂ ಒಂದು ಚೌಕ ಹಾಕಬಹುದಾ?" ಎಂದು ಕೇಳಿದಳು. ಕಥೆಯಲ್ಲಿ ಯಾರು ಯಾರಿಗೆ ಏನು ಸುಳ್ಳು ಹೇಳಿದ್ದಾರೆ ಎಂಬುದೇ ಅವರಿಗೆ ಮರೆತುಹೋಗುತ್ತಿತ್ತು. ಹಾಕಿದೆ. ಒಂದು ಸುಳ್ಳಿಗೆ ಹೇಳುವವರು ಒಬ್ಬರು, ಕೇಳುವವರು ಹಲವರು. ಕೇಳುವವರ ತುದಿಗೆ ಕಾಗೆಕಾಲು ಇಟ್ಟೆ. ಅಕ್ಕ ಆ ಚೌಕವನ್ನು ತುಂಬ ಹೊತ್ತು ನೋಡಿದಳು, ಆಮೇಲೆ ಟೀ ಮಾಡಲು ಎದ್ದುಹೋದಳು.

ನಾನು ಹೇಳಹೊರಟ ಶನಿವಾರ ಚಳಿ ಇತ್ತು. ನಾನು ಹಳೆಯ ಬೂದು ಸ್ವೆಟರ್ ಹಾಕಿಕೊಂಡಿದ್ದೆ. ಚಳಿ ಶುರುವಾಗುವಾಗ ಪ್ರತಿ ವರ್ಷ ಅಕ್ಕ ನನಗೊಂದು ಹೊಸ ಸ್ವೆಟರ್ ತಂದುಕೊಡುತ್ತಿದ್ದಳು. ಅಂಗಡಿಯ ಹತ್ತಿರ ಕೈಯಿಂದ ಹೆಣೆದು ಮಾರುವ ಹೆಂಗಸೊಬ್ಬಳಿದ್ದಾಳಂತೆ. ಈ ವರ್ಷ ಬಂದಿರಲಿಲ್ಲ. ಕೇಳಿದ್ದಕ್ಕೆ, "ಆಯಮ್ಮ ಹೆಣೆಯೋದು ನಿಲ್ಲಿಸಿದ್ದಾಳೆ" ಎಂದಿದ್ದಳು. ಇರುವುದೇ ಸಾಕಷ್ಟಿದೆ ಬಿಡು ಎಂದು ನಾನೂ ಸುಮ್ಮನಾಗಿದ್ದೆ.

ಆ ದಿನ ಕಾದಂಬರಿಯ ನಡುಭಾಗದ ಸರದಿ. ಒಬ್ಬ ತಾಯಿ, ದೊಡ್ಡ ಮಗಳು, ಚಿಕ್ಕ ಮಗ. ನಾನು ಮಾರ್ಕರ್ ಪೆನ್ನು ಹಿಡಿದು ಬೀರುವಿನ ಮುಂದೆ ನಿಂತೆ. ತಾಯಿಯ ಚೌಕದೊಳಗೆ ಏನೇನು ಬರೆಯಬೇಕೆಂದು ಕೇಳಿದೆ.

"ಹೆಸರು, ಹುಟ್ಟಿದ ದಿನ, ಈಗಿರೋ ಊರು" ಎಂದಳು ಕಾಮಾ ಅಕ್ಕ.

"ಸತ್ತ ದಿನ?" ಎಂದೆ. ಸೋದರಮಾವನ ರಗಳೆಯಾದ ಮೇಲೆ ಸತ್ತ ದಿನದ ಖಾನೆಯಿಲ್ಲದ ಚೌಕವನ್ನು ನಾನು ಬಿಡುತ್ತಿರಲಿಲ್ಲ.

"ಅದು ಖಾಲಿ ಇರಲಿ" ಎಂದಳು ಅಕ್ಕ.

"ಖಾಲಿ ಅಂದ್ರೆ ಯಾವ ಖಾಲಿ?"

ಇದು ನಮ್ಮ ಕೆಲಸದಲ್ಲಿ ಬಿಡದೆ ಕೇಳಬೇಕಾದ ಪ್ರಶ್ನೆ. ರೋಗಿ ಮನೆಗೆ ಹೋದ ದಿನದ ಖಾನೆ ಖಾಲಿ ಇದ್ದರೆ ಅದಕ್ಕೆ ಎರಡು ಅರ್ಥ. ಒಂದು, ಅವನಿನ್ನೂ ಹಾಸಿಗೆಯಲ್ಲಿದ್ದಾನೆ. ಇನ್ನೊಂದು, ಹೋಗಿದ್ದಾನೆ, ಬರೆಯಬೇಕಾದವರು ಬರೆದಿಲ್ಲ. ನೋಡಲು ಎರಡೂ ಒಂದೇ ಥರ. ಇದನ್ನು ಕೇಳದೆ ಬಿಟ್ಟರೆ ಯಾರೂ ಇಲ್ಲದ ಹಾಸಿಗೆಗೆ ದಿನಾ ಊಟ ಹೋಗುತ್ತಿರುತ್ತದೆ. ನಾನು ಅಷ್ಟೂ ವಿವರಿಸಿ, "ಇನ್ನೂ ಆಗಿಲ್ವಾ, ಇಲ್ಲ ಆಗಿದೆ, ಬರೆದಿಲ್ವಾ?" ಎಂದು ಅಕ್ಕನನ್ನು ಕೇಳಿದೆ.

ಅಕ್ಕ ಟೀ ಲೋಟದೊಳಗೆ ಚಮಚ ತಿರುಗಿಸುತ್ತ ಕೂತಳು. ಉತ್ತರ ಕೊಟ್ಟಿದ್ದು ಕಾಮಾ ಅಕ್ಕ. "ಇನ್ನೂ ಆಗಿಲ್ಲ, ಬದುಕಿದ್ದಾಳೆ. ಅದೇ ತಾನೇ ಕಥೆ?"

"ಹ್ಞೂಂ" ಎಂದಳು ಅಕ್ಕ. "ಹಾಗೇ ಬರ್ಕೋ."

ಕಥೆ ಹೀಗೆ. ಗಂಡನ ಜೊತೆ ಬಾಳಲಾರದೆ ತಾಯಿ ಒಂದು ದಿನ ಮನೆ ಬಿಟ್ಟು ಹೋಗುತ್ತಾಳೆ. ಗಂಡ ಬೇರೆ ಊರಿಗೆ ಬಂದು ಹೆಂಡತಿ ಸತ್ತಳೆಂದು ಎಲ್ಲರಿಗೂ ಹೇಳುತ್ತಾನೆ. ಮಗಳು ದೊಡ್ಡವಳಾಗಿ ತಾಯಿಯನ್ನು ಹುಡುಕಿಕೊಂಡು ಹೋಗಿ, ಆಮೇಲೆ ತಿಂಗಳಿಗೊಮ್ಮೆ ಕದ್ದು ಭೇಟಿಯಾಗುತ್ತಾಳೆ. ಮಗನಿಗೆ ಮಾತ್ರ ಗೊತ್ತಿಲ್ಲ. ನಾನು ತಾಯಿಗೂ ಮಗಳಿಗೂ ಗೆರೆ ಎಳೆದು ಭೇಟಿ ಎಂದು ಬರೆದೆ. ತಾಯಿಯಿಂದ ಮಗನ ಕಡೆಗೆ ಪೆನ್ನು ತಿರುಗಿಸಿದರೆ ಅಕ್ಕ ಬೇಡ ಎಂದಳು.

"ಅದು ಹೇಗೆ ಬೇಡ ಆಗುತ್ತೆ? ಇವನಿಗೂ ಅವಳೇ ತಾಯಿ" ಎಂದೆ. "ಒಂದು ಮಾತು ಹೇಳ್ಲಾ? ಈ ಮಗ ಶುದ್ಧ ಪೆದ್ದ. ಇಷ್ಟು ವರ್ಷ ಒಂದೇ ಮನೇಲಿದ್ದು ಗೊತ್ತಾಗಲ್ವಾ? ಓದೋರು ನಂಬಲ್ಲ."

"ನಂಬಿಕೆ ಇದ್ರೆ ಗೊತ್ತಾಗಲ್ಲ ಪುಟ್ಟ" ಎಂದಳು ಅಕ್ಕ.

"ಅವಳು ಚೆನ್ನಾಗಿ ಟೋಪಿ ಹಾಕ್ತಾಳೆ ಅನ್ನು. ಅವನ ಎರಡೂ ಕಿವಿ ಮೇಲೆ ಹೂವು."

ಕಾಮಾ ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ನಿಮ್ಮನ್ನ ಮೆಚ್ಚಬೇಕು ಸಾಹೇಬ್ರೇ. ನಾನಾಗಿದ್ರೆ ಹೀಗೆ ನಗ್ತಾ ನಿಂತ್ಕೊಳ್ಳೋಕೆ ಆಗ್ತಿರ್ಲಿಲ್ಲ" ಎಂದಳು. ಗೆರೆಗಳನ್ನು ಹೊಗಳುತ್ತಿದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಉಬ್ಬಿದೆ.

ತಾಯಿಗೂ ಮಗನಿಗೂ ನಡುವೆ ಏನಾದರೂ ಇರಲೇಬೇಕೆಂದು ನಾನು ಪಟ್ಟು ಹಿಡಿದೆ. ಯಾವ ಗೆರೆಯೂ ಮುಟ್ಟದ ಚೌಕ ಚಿತ್ರದಲ್ಲಿ ಅನಾಥವಾಗಿ ನಿಲ್ಲುತ್ತದೆ, ಅಂಥದ್ದನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಕಾಮಾ ಅಕ್ಕ ನನ್ನ ಅಕ್ಕನ ಕಡೆ ತಿರುಗಿ, "ಆ ಸ್ವೆಟರ್ ಇದೆಯಲ್ಲ, ಹಾಕೋಣ" ಎಂದಳು. ತಾಯಿ ವರ್ಷಕ್ಕೊಂದು ಸ್ವೆಟರ್ ಹೆಣೆಯುತ್ತಾಳೆ, ಮಗಳು ಅದನ್ನು ಕೊಂಡದ್ದೆಂದು ಹೇಳಿ ತಮ್ಮನಿಗೆ ಕೊಡುತ್ತಾಳೆ. ಅಕ್ಕ "ಅದು ಬೇಡ, ಅದು ಜಾಸ್ತಿಯಾಗುತ್ತೆ" ಎಂದಳು. ನನಗೋ ಭಾರಿ ಇಷ್ಟವಾಯಿತು. ಸ್ವೆಟರ್ ಎಂದು ಹೊಸ ಚೌಕ ಹಾಕಿಯೇಬಿಟ್ಟೆ.

ಚೌಕ ಹಾಕಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಗುರುತಿನದು. ಒಂದೇ ಹೆಸರಿನ ಇಬ್ಬರು ರೋಗಿಗಳು ಬಂದರೆ ಯಾರು ಯಾರೆಂದು ತಿಳಿಯಲು ಒಂದು ಸಂಖ್ಯೆ ಕೊಡುತ್ತೇವೆ. ಅದು ಇನ್ನೊಬ್ಬರಿಗೆ ಇರಕೂಡದು. "ಈ ಸ್ವೆಟರ್‌ಗಳಿಗೆ ಗುರುತೇನು? ಯಾವ ವರ್ಷದ್ದು ಯಾವುದು ಅಂತ ಹೇಗೆ ಹೇಳ್ತೀರಿ? ಅವಳೇ ಹೆಣೆದದ್ದು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದೆ.

"ಕೊನೇ ಗುಂಡಿ" ಎಂದಳು ಕಾಮಾ ಅಕ್ಕ. "ಕೊನೇ ಗುಂಡೀನ ಬೇರೆ ಬಣ್ಣದ ದಾರದಲ್ಲಿ ಹೊಲೀತಾಳೆ. ಪ್ರತಿ ವರ್ಷ ಬೇರೆ ಬಣ್ಣ. ಮಗ ಒಂದಲ್ಲ ಒಂದು ದಿನ ಕೇಳಲಿ ಅಂತ."

ಅಕ್ಕನ ಚಮಚದ ಸದ್ದು ನಿಂತಿತು. ನಾನು ಬರೆದು ಮುಗಿಸಿ, ಪದ್ಧತಿಯಂತೆ ಗಟ್ಟಿಯಾಗಿ ಓದತೊಡಗಿದೆ. "ಒಬ್ಬ ತಾಯಿ ಹಲವು ಸ್ವೆಟರ್ ಹೆಣೆಯುತ್ತಾಳೆ. ಒಂದು ಸ್ವೆಟರನ್ನು ಹೆಣೆದವಳು ಒಬ್ಬಳೇ ತಾಯಿ. ಒಬ್ಬ ಮಗನಿಗೆ ಹಲವು ಸ್ವೆಟರ್. ಒಂದು ಸ್ವೆಟರ್ ಒಬ್ಬನೇ ಮಗನಿಗೆ. ಗುರುತು, ಕೊನೆಯ ಗುಂಡಿಯ ದಾರದ ಬಣ್ಣ." ಓದುತ್ತ ಕೈ ತಾನಾಗಿ ಕೆಳಗೆ ಹೋಯಿತು. ಬೂದು ಸ್ವೆಟರ್. ಬೂದು ದಾರದ ಗುಂಡಿಗಳು. ಕೊನೆಯದು ಮಾತ್ರ ಹಸಿರು.

ನೀಲಿಯದಕ್ಕೆ ಕೆಂಪು ದಾರವಿತ್ತು. ಕಂದುಬಣ್ಣದ್ದಕ್ಕೆ ಹಳದಿ. ಪ್ರತಿ ವರ್ಷ ನೋಡಿದ್ದೆ. ನೋಡಿ ನಗಾಡಿಯೂ ಇದ್ದೆ. "ನಿನ್ನ ಆ ಹೆಂಗಸಿಗೆ ಕೊನೆಗೆ ಬರೋಷ್ಟರಲ್ಲಿ ದಾರ ಮುಗಿದಿರುತ್ತೆ" ಎಂದು ಅಕ್ಕನಿಗೆ ಹೇಳಿದ್ದೆ, ಅವಳೂ ನನ್ನ ಜೊತೆ ನಕ್ಕಿದ್ದಳು.

ನಾನು ತಿರುಗಿದೆ. ನನ್ನ ಮುಖದಲ್ಲಿ ಏನಿತ್ತೋ, ಕಾಮಾ ಅಕ್ಕ ಒಮ್ಮೆ ನನ್ನನ್ನೂ ಒಮ್ಮೆ ಅಕ್ಕನನ್ನೂ ನೋಡಿದಳು.

"ಇವ್ರಿಗೆ ಗೊತ್ತಲ್ವಾ?" ಎಂದು ಅಕ್ಕನನ್ನು ಕೇಳಿದಳು. "ತಮ್ಮನಿಗೆ ಎಲ್ಲ ಹೇಳಿದೀನಿ, ಅವನೇ ಕಥೇಲಿ ಹಾಕು ಅಂದ ಅಂತ ನೀನೇ ಹೇಳಿದ್ದೆ."

ಅಕ್ಕ ಚಮಚ ಕೆಳಗಿಟ್ಟಳು. ಕಾಮಾ ಅಕ್ಕ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಚೀಲ ಎತ್ತಿಕೊಂಡಳು. ಬಾಗಿಲ ಹತ್ತಿರ ನಿಂತು, "ನನಗೂ ಸುಳ್ಳು ಹೇಳಿದೆಯಲ್ಲೇ" ಎಂದಳು. ಮೆಟ್ಟಿಲು ಇಳಿಯುವ ಸದ್ದು ಕೆಳಗಿನ ಗೇಟಿನ ತನಕ ಕೇಳಿಸಿತು.

ನಾನು ಕೂಗಾಡಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು, ಕರೆಂಟ್ ಹೋದರೂ ಕೂಗಾಡುತ್ತೇನೆ. ಅವತ್ತು ಮಾತ್ರ ಮಾರ್ಕರಿನ ಮುಚ್ಚಳ ಹಾಕಿ, ಅದನ್ನು ಹಿಡಿದುಕೊಂಡೇ ನಿಂತೆ. ನಾಲ್ಕನೇ ಕ್ಲಾಸಿನಲ್ಲಿ "ನನ್ನ ತಾಯಿ" ಎಂದು ಪ್ರಬಂಧ ಬರೆಯಲು ಹೇಳಿದ್ದರು. ಏನು ಬರೆಯಲೆಂದು ಅಳುತ್ತ ಕೂತವನಿಗೆ ಅಕ್ಕನೇ ಹೇಳಿ ಬರೆಸಿದ್ದಳು, ಅಮ್ಮ ಆಕಾಶದಿಂದ ನನ್ನನ್ನು ನೋಡುತ್ತಿದ್ದಾಳೆಂದು. ಟೀಚರ್ ಓದಿ ಕಣ್ಣೊರೆಸಿಕೊಂಡು ನನಗೆ ಬಹುಮಾನ ಕೊಟ್ಟರು. ಅಕ್ಕನ ಮೊದಲ ಕಥೆ ಅದೇ ಎಂದು ಈಗ ತಿಳಿಯಿತು.

"ಯಾವಾಗಿಂದ ಗೊತ್ತು ನಿನಗೆ?"

"ಮೊದಲಿಂದ. ಅವಳು ಚೀಲ ತಗೊಂಡು ಹೋಗಿದ್ದನ್ನ ನಾನು ನೋಡಿದೀನಿ. ನೀನು ಮಲಗಿದ್ದೆ." ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಹೇಳಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ."

"ಅಪ್ಪ ಹೋಗಿ ಎಷ್ಟು ವರ್ಷ ಆಯ್ತು?"

ಅವಳು ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸಿದಳು.

"ನಾನು ಕೇಳ್ತಿರೋದು ನಿನ್ನ ಬಗ್ಗೆ, ಅಪ್ಪನ ಬಗ್ಗೆ ಅಲ್ಲ. ನೀನ್ಯಾಕೆ ಹೇಳಲಿಲ್ಲ?"

"ನಿನ್ನನ್ನ ಸಾಕಿದ್ದು ನಾನು" ಎಂದಳು. ದನಿ ಸಣ್ಣಗಿತ್ತು, ಆದರೆ ನಡುಗುತ್ತಿರಲಿಲ್ಲ. "ಅವಳನ್ನ ನೋಡಿದ ತಕ್ಷಣ ನೀನು ಅಮ್ಮ ಅಂತಿದ್ದೆ. ಆಮೇಲೆ ನಾನು ಬರೀ ಅಕ್ಕ."

ಇಷ್ಟು ವರ್ಷದಲ್ಲಿ ಅವಳು ಹೇಳಿದ ಮೊದಲ ನಿಜದ ಮಾತು ಅದಿರಬಹುದು. ನನಗೆ ಪಾಪ ಅನಿಸಲಿಲ್ಲ. ಇವಳಿಗಾಗಿ ನಾನು ಬೇರೆ ಊರಿನ ಕೆಲಸ ಬಿಟ್ಟಿದ್ದೆ, ಇವಳೊಬ್ಬಳೇ ಆಗುತ್ತಾಳೆಂದು ಮನೆ ಬದಲಿಸದೆ ಕೂತಿದ್ದೆ. ನಂಬಿಸಿ ಕತ್ತು ಕುಯ್ದಳು ಎಂದು ಜನ ಅನ್ನುವುದನ್ನು ಕೇಳಿದ್ದೆ. ಕುಯ್ಯುವವರು ಹಣೆ ಮುಟ್ಟಿ ಜ್ವರವನ್ನೂ ನೋಡುತ್ತಾರೆಂದು ಗೊತ್ತಿರಲಿಲ್ಲ.

"ಅವಳು ನನ್ನನ್ನ ಕೇಳ್ತಿರ್ಲಿಲ್ವಾ?"

"ಕೇಳ್ತಿದ್ಳು. ಹೋದಾಗೆಲ್ಲ ಕೇಳ್ತಿದ್ಳು."

"ಏನು ಹೇಳ್ತಿದ್ದೆ?"

ಅಕ್ಕ ಲೋಟ ಕೆಳಗಿಟ್ಟಳು. "ಅವನಿಗೆ ಎಲ್ಲ ಹೇಳಿದೀನಿ, ಬರೋಕೆ ಇಷ್ಟ ಇಲ್ಲ ಅಂತಾನೆ ಅಂತ."

ಕಾಮಾ ಅಕ್ಕನಿಗೆ ಹೇಳಿದ್ದೂ ಅದೇ ಸುಳ್ಳು, ಅಮ್ಮನಿಗೆ ಹೇಳಿದ್ದೂ ಅದೇ. ಒಂದನ್ನೇ ಎರಡು ಕಡೆ ಬಳಸಿದ್ದಳು. ಬೀರುವಿನ ಮೇಲಿದ್ದ ನನ್ನ ಸುಳ್ಳಿನ ಚೌಕ ಕಣ್ಣಿಗೆ ಬಿತ್ತು. ಆ ಚೌಕ ತಪ್ಪಾಗಿತ್ತು. ಅಮ್ಮ ಸತ್ತಳೆಂಬ ಸುಳ್ಳಿಗೆ ಹೇಳುವವರು ಹಲವರು, ಅಪ್ಪ, ಅಕ್ಕ, ಬಾಯಿಗೆ ಬೀಗ ಹಾಕಿಕೊಂಡ ನೆಂಟರು; ಕೇಳಿದವನು ನಾನೊಬ್ಬ. ಕಾಗೆಕಾಲನ್ನು ನಾನು ತಪ್ಪು ತುದಿಗೆ ಇಟ್ಟಿದ್ದೆ. ಇನ್ನೊಂದು ಊರಿನಲ್ಲಿ ಒಬ್ಬ ಹೆಂಗಸು, ತನ್ನನ್ನು ನೋಡಲು ಒಲ್ಲೆನೆಂದ ಮಗನಿಗೆ ವರ್ಷ ವರ್ಷ ಸ್ವೆಟರ್ ಹೆಣೆದು, ಅವನು ಕೇಳಲಿ ಎಂದು ಕೊನೆಯ ಗುಂಡಿಗೆ ಬಣ್ಣ ಬದಲಿಸುತ್ತ ಕೂತಿದ್ದಳು.

"ಊರು ಹೇಳು" ಎಂದೆ. "ಈಗಲೇ ಹೊರಡ್ತೀನಿ. ನೀನು ಬರಬೇಡ."

ಚಪ್ಪಲಿ ಹುಡುಕಿದೆ. ಒಂದು ಸಿಕ್ಕಿತು, ಇನ್ನೊಂದು ಬೀರುವಿನ ಕೆಳಗೆ ಸರಿದಿತ್ತು. ಬಗ್ಗಿ ತೆಗೆಯುವಾಗಲೂ ಅಕ್ಕ ಊರಿನ ಹೆಸರು ಹೇಳಲಿಲ್ಲ. ಎದ್ದು ನಿಂತರೆ ಎದುರಿಗೆ ಆ ಪೋಸ್ಟರಿನ ಬೆನ್ನು, ತಾಯಿಯ ಚೌಕ, ಅದರೊಳಗಿನ ಆ ಖಾನೆ. ಇವತ್ತು ಎರಡನೇ ಶನಿವಾರ. ಅಕ್ಕ ಮನೆಯಲ್ಲಿದ್ದಾಳೆ. ಹೋದ ತಿಂಗಳೂ ಇದ್ದಳು. ಈ ವರ್ಷ ಹೊಸ ಸ್ವೆಟರ್ ಬಂದಿಲ್ಲ.

"ಅಕ್ಕ" ಎಂದೆ. "ಆ ಖಾಲಿ, ಯಾವ ಖಾಲಿ?"

ಅವಳು ಎದ್ದು ಬಂದಳು. ನನ್ನ ಕೈಯಿಂದ ಮಾರ್ಕರ್ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಸತ್ತ ದಿನದ ಖಾನೆಯಲ್ಲಿ ಬರೆದಳು. ಸುಂದರ ಅಕ್ಷರದ ನನ್ನ ಅಕ್ಕ ಅಂಕಿಗಳನ್ನು ಕಾಗೆಕಾಲು ಗುಬ್ಬಿಕಾಲು ಮಾಡಿಟ್ಟಿದ್ದಳು. ಆದರೂ ಓದಲು ಬಂತು. ಹೋದ ಬೇಸಿಗೆ. ಅದೂ ತಿಂಗಳ ಎರಡನೇ ಶನಿವಾರ.

ಆ ಸಂಜೆಯೇ ಬಂದು, ಲೆಕ್ಕ ಮುಗೀತು ಪುಟ್ಟ, ಇನ್ನು ಮುಂದೆ ಹೋಗೋದು ಬೇಕಿಲ್ಲ ಎಂದಿದ್ದಳು. ನಾನು ಸದ್ಯ ಎಂದು ಖುಷಿಪಟ್ಟು, ಚಪ್ಪಲಿ ಮೆಟ್ಟಿಕೊಂಡು ಓಡಿಹೋಗಿ ಐಸ್‌ಕ್ರೀಮ್ ತಂದಿದ್ದೆ. ನಾವಿಬ್ಬರೂ ಇದೇ ಕೋಣೆಯಲ್ಲಿ ಕೂತು ತಿಂದೆವು. ಕರಗುತ್ತೆ ಬೇಗ ತಿನ್ನು ಎಂದು ಅಕ್ಕ ತನ್ನ ಪಾಲಿನದನ್ನೂ ನನಗೇ ಕೊಟ್ಟಿದ್ದಳು.